ಎರಡು ರಕಾರ, ಒಂದು ದವಡೆ

ನಾಲ್ಕು ತಾಲ್ಲೂಕುಗಳ ‘ಶುದ್ಧ ಇಂಗ್ಲಿಷ್ ಉಚ್ಚಾರಣಾ ಸ್ಪರ್ಧೆ’ಯ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ನೀವು ಮೇಲಿನವರಿಗೆ ಬರೆದು ಕಳಿಸಿರುವ ವರದಿ ಸುಳ್ಳು. ಆ ಸುಳ್ಳಿನಿಂದ ಒಬ್ಬ ಮೇಷ್ಟರ ಕೆಲಸ ಹೋಗುವುದರಲ್ಲಿದೆ. ಅದೇ ಸುಳ್ಳಿನಿಂದ ನನ್ನ ಗಂಡ ಜೈಲಿನಿಂದ ಹೊರಗೆ ಬರುವ ದಾರಿಯೂ ಸಿಕ್ಕಿದೆ. ಆದ್ದರಿಂದ ನಾನು ತೆಪ್ಪಗಿರಬೇಕೆಂಬುದು ನಮ್ಮ ಮನೆಯ ಹಿರಿಯರ ಅಭಿಪ್ರಾಯ. ತೆಪ್ಪಗಿರಲು ಆಗುತ್ತಿಲ್ಲ. ಅದಕ್ಕೇ ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ಪಿಯುಸಿ ಓದಿದ್ದೇನೆ. ನನ್ನ ಗಂಡ ಚೆಲುವರಾಜು ಹೊಗೆಸೊಪ್ಪು, ಜೋಳ ಬೆಳೆಯುತ್ತಾರೆ. ನಮ್ಮ ಮನೆಯಲ್ಲಿ ಇಂಗ್ಲಿಷ್ ಇಲ್ಲವೆಂದು ತಿಳಿಯಬೇಡಿ. ಸೊಪ್ಪು ಒಣಗಿಸುವ ಬ್ಯಾರನ್ ಇದೆ, ಮೋಟ್ರು ಇದೆ, ಪೈಪು ಇದೆ, ಹಾಲಿಗೆ ಫ್ಯಾಟು ಇದೆ. ಎಲ್ಲವನ್ನೂ ನಾವು ತಪ್ಪಾಗಿಯೇ ಹೇಳುತ್ತೇವಂತೆ. ಆದರೂ ಬ್ಯಾರನ್ನಿನಲ್ಲಿ ಸೊಪ್ಪು ಹದವಾಗುತ್ತದೆ, ಮೋಟ್ರು ನೀರು ಎತ್ತುತ್ತದೆ. ಇಷ್ಟು ವರ್ಷದಲ್ಲಿ ಒಂದು ಮೋಟರಾದರೂ ನನ್ನ ಉಚ್ಚಾರಣೆ ಸರಿಯಿಲ್ಲವೆಂದು ಮುನಿಸಿಕೊಂಡು ನಿಂತದ್ದಿಲ್ಲ.

ನಿಮ್ಮ ಸ್ಪರ್ಧೆಗೆ ಏಳನೇ ತರಗತಿ ಓದುತ್ತಿರುವ ನನ್ನ ಮಗಳು ರಮ್ಯ ಆಯ್ಕೆಯಾದಾಗ ನಾವು ಬೀಗಿದೆವು. ಹುಣಸೂರಿನ ಸಭಾಂಗಣ. ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಗಳಿಂದಲೂ ಮಕ್ಕಳು, ಹೆತ್ತವರು. ಬಾಗಿಲಲ್ಲೇ ನಿಮ್ಮ ಸುತ್ತೋಲೆ ಅಂಟಿಸಿತ್ತು. ಒಳಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಕೇಳಿಸಕೂಡದು. ತೀರ್ಪುಗಾರರೇ ಆಗಲಿ, ಹೆತ್ತವರೇ ಆಗಲಿ ಕನ್ನಡ ಆಡಿದರೆ ಆಗ ವೇದಿಕೆಯ ಮೇಲಿರುವ ಮಗುವಿಗೆ ಐದು ಅಂಕ ಕಡಿತ. ಅದನ್ನು ನಾನು ಓದಿ ಹೇಳಿದ ಮೇಲೆ ನನ್ನ ಗಂಡ ಟವೆಲನ್ನು ಬಾಯಿಗೆ ಅಡ್ಡ ಹಿಡಿದು ಕುಳಿತರು. ಕೆಮ್ಮು ಬಂದರೂ ನನ್ನ ಮುಖ ನೋಡುತ್ತಿದ್ದರು. ಕೆಮ್ಮು ಯಾವ ಭಾಷೆ ಎಂದು ನಿಮ್ಮ ಸುತ್ತೋಲೆಯಲ್ಲಿ ಬರೆದಿರಲಿಲ್ಲವಲ್ಲ, ಸ್ವಾಮಿ.

ತೀರ್ಪುಗಾರರು ಮೂವರು. ಒಬ್ಬರು ಮೈಸೂರಿನಿಂದ ಬಂದ ತರಬೇತುದಾರರು. ಗರಿಗರಿ ಅಂಗಿ, ಸದಾ ನಗುಮುಖ. ಇನ್ನೊಬ್ಬರು ಕೆ.ಆರ್. ನಗರದ ಕಡೆಯ ಮುಖ್ಯೋಪಾಧ್ಯಾಯರು. ಯಾರು ಏನೇ ಹೇಳಿದರೂ ತಲೆಯಾಡಿಸುವುದು ಅವರ ಪದ್ಧತಿ. ಮೂರನೆಯವರು ಬೈಲಕುಪ್ಪೆಯ ಟಿಬೆಟನ್ ಕ್ಯಾಂಪಿನ ನೊರ್ಬು ಎಂಬ ಮೇಷ್ಟರು. ನಾವು ಅವರನ್ನು ಅದಕ್ಕೆ ಮುಂಚೆ ಕಂಡವರಲ್ಲ.

ರಮ್ಯ ನಮ್ಮ ಮನೆಯ ಬಗ್ಗೆ ಮಾತು ಶುರು ಮಾಡಿದಳು. ನಮ್ಮಪ್ಪ ರೈತ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ‘ಫಾರ್ಮರ್’ ಎಂದಳು, ನಾನು ಹೇಳಿಕೊಟ್ಟಂತೆ. ತರಬೇತುದಾರರು ಕೈ ಎತ್ತಿ ನಿಲ್ಲಿಸಿದರು. ಅದು ‘ಫಾಮ’ ಅಂತೆ. ಅದರಲ್ಲಿ ರಕಾರ ಒಂದೂ ಇಲ್ಲವಂತೆ. ಇನ್ನೊಮ್ಮೆ ಹೇಳು ಎಂದರು. ಮಗು ಹೇಳಿತು, ರಕಾರ ಬಂತು. ಮತ್ತೆ ಹೇಳು ಎಂದರು. ಮತ್ತೆ ಬಂತು. ಅವರು ಮೈಕಿನಲ್ಲೇ ಅವಳಂತೆ ನಾಲಿಗೆ ಹೊರಳಿಸಿ ‘ಫಾರ್ರ್ಮರ್ರ್’ ಎಂದು ಅಣಕಿಸಿ ನಕ್ಕರು. ಮುಂದಿನ ಸಾಲಿನವರು ನಕ್ಕರು. ಸಭಾಂಗಣವೆಲ್ಲ ನಕ್ಕಿತು. ಮುಖ್ಯೋಪಾಧ್ಯಾಯರು ತಲೆಯಾಡಿಸಿದರು. ಇಡೀ ಭಾಷಣದಲ್ಲಿ ನನ್ನ ಗಂಡನಿಗೆ ಅರ್ಥವಾಗಿದ್ದ ಮಾತು ಅದೊಂದೇ. ಜನ ನಗುತ್ತಿದ್ದುದೂ ಅದಕ್ಕೇ. ಬೆಳೆಯುವವನನ್ನು ನೋಡಿ ನಗುವವರ ಊಟದೆಲೆಗಳಿಗೆ ಬೂದಿ ಬೀಳಲಿ ಎಂದು ಅಂದೇ ಶಪಿಸಿದ್ದೇನೆ, ಈಗ ಬರವಣಿಗೆಯಲ್ಲೂ ಶಪಿಸುತ್ತೇನೆ.

ಆಗ ನೊರ್ಬು ಮೇಷ್ಟರು ಎದ್ದರು. ಮುಖ ಕೆಂಡವಾಗಿತ್ತು. ಮೇಜು ಗುದ್ದಿದರು. ಅಳುತ್ತಿದ್ದ ರಮ್ಯಳ ಕಡೆಗೆ ಬೆರಳು ಚಾಚಿ ಇಂಗ್ಲಿಷಿನಲ್ಲಿ ಕೂಗತೊಡಗಿದರು. ವೇಗವಾದ ಮಾತು, ಅವರದೇ ರಾಗ, ಮೈಕು ಬೇರೆ ಕಿರುಚುತ್ತಿತ್ತು. ಪಿಯುಸಿ ಓದಿದ ನನಗೇ ಒಂದು ಅಕ್ಷರ ತಿಳಿಯಲಿಲ್ಲ. ಪಕ್ಕದಲ್ಲಿ ತರಬೇತುದಾರರು ನಗುನಗುತ್ತಾ, ಸಮಾಧಾನ ಸಮಾಧಾನ ಎನ್ನುವಂತೆ ಕೈ ಆಡಿಸುತ್ತಿದ್ದರು. ಈಗ ನೀವೇ ಹೇಳಿ, ಇಂಗ್ಲಿಷ್ ಬಾರದ ಒಬ್ಬ ಅಪ್ಪ ಏನೆಂದು ತಿಳಿಯಬೇಕು? ನಗುತ್ತಿರುವವನು ಒಳ್ಳೆಯವನು, ಬೆರಳು ಚಾಚಿ ಅರಚುತ್ತಿರುವವನು ಮಗಳಿಗೆ ಬೈಯುತ್ತಿದ್ದಾನೆ ಎಂದಲ್ಲವೇ?

“ನನ್ ಮಗೀಗೇ ಬೈತೀಯೇನ್ಲಾ?”

ಟವೆಲು ಬಾಯಿಂದ ಬಿತ್ತು. ನಾನು ಅಂಗಿ ಹಿಡಿದೆ, ಹರಿದು ಕೈಗೆ ಬಂತು. ವೇದಿಕೆಗೆ ನೆಗೆದವರೇ ಮೈಕಿನ ಸ್ಟ್ಯಾಂಡನ್ನು ಕಿತ್ತು, ಸೌದೆ ಸೀಳುವವರಂತೆ ಎತ್ತಿ, ಅದರ ಕಬ್ಬಿಣದ ಬುಡದಿಂದ ಆ ಮೇಷ್ಟರ ದವಡೆಗೆ ಬೀಸಿದರು. ಮೈಕು ಇನ್ನೂ ಚಾಲೂ ಇತ್ತು. ಮೂಳೆ ಮುರಿದ ಶಬ್ದ ನಾಲ್ಕೂ ತಾಲ್ಲೂಕಿನವರಿಗೆ ಕೇಳಿಸಿತು. ಎರಡು ಹಲ್ಲು ಅಂಕಪಟ್ಟಿಯ ಮೇಲೆ ಬಿದ್ದವು. ರಮ್ಯ “ಅಪ್ಪಾ, ಬ್ಯಾಡ! ಅವ್ರು ಬೈಲಿಲ್ಲ, ಬ್ಯಾಡ!” ಎಂದು ಕಿರುಚುತ್ತಾ ಕಾಲಿಗೆ ಬಿದ್ದಳು. ಅಷ್ಟರಲ್ಲಿ ಇನ್ನೊಂದು ಏಟು ಬಿದ್ದಿತ್ತು. ಕುರ್ಚಿಗಳು ಹಾರಿದವು. ಯಾರು ಯಾರಿಗೆ ಯಾಕೆ ಹೊಡೆಯುತ್ತಿದ್ದಾರೆಂದು ಹೊಡೆಯುವವರಿಗೇ ಗೊತ್ತಿರಲಿಲ್ಲ. ತರಬೇತುದಾರರು ಹಿಂಬಾಗಿಲಿನಿಂದ ಹೊರಟುಹೋದರು. ಆಗಲೂ ನಗುತ್ತಿದ್ದರೋ ಏನೋ, ನಾನು ನೋಡಲಿಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ಕ್ಯಾಂಪಿನವನು ನಮ್ಮ ಹೆಣ್ಣುಮಗುವಿಗೆ ಬೈದನಂತೆ ಎಂಬ ಸುದ್ದಿ ಬಸ್ಸಿಗಿಂತ ಮುಂಚೆ ಊರು ಸೇರಿತು. ಹೊತ್ತು ಮುಳುಗುವ ಮೊದಲೇ ನಮ್ಮ ಕಡೆಯ ಹುಡುಗರು ದೊಣ್ಣೆ ಹಿಡಿದು ಬೈಕಿನಲ್ಲಿ ಬೈಲಕುಪ್ಪೆಗೆ ನುಗ್ಗಿದರು. ಎರಡು ಅಂಗಡಿಯ ಗಾಜು ಒಡೆದರು. ಸ್ವೆಟರ್ ಮಾರುತ್ತಿದ್ದ ಒಬ್ಬ ಮುದುಕಿಯ ಭುಜಕ್ಕೆ ಕಲ್ಲು ಬಿತ್ತು. ಆ ಮುದುಕಿಯ ಅಂಗಡಿಯಲ್ಲಿ ಸ್ವೆಟರ್ ಕೊಳ್ಳದ ಮನೆ ನಮ್ಮೂರಲ್ಲಿ ಎಷ್ಟಿವೆ? ಚೌಕಾಸಿ ಮಾಡುವಾಗ ಅವಳ ಕನ್ನಡ ನಮಗೆಲ್ಲ ಚೆನ್ನಾಗಿ ತಿಳಿಯುತ್ತಿತ್ತು. ಕಲ್ಲು ಬಿದ್ದಾಗ ಅವಳು ‘ಅವ್ವಾ’ ಎಂದು ಕೂಗಿದ್ದು ಮಾತ್ರ ಒಬ್ಬನಿಗೂ ತಿಳಿಯಲಿಲ್ಲವಂತೆ.

ಇನ್ನು ನಿಮ್ಮ ಪ್ರತಾಪಕ್ಕೆ ಬರೋಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರೆ. ನೀವು ಕೊಟ್ಟಿಗೆಯಲ್ಲಿದ್ದ ಎಲ್ಲಕ್ಕೂ ಹಾಕಿದಿರಿ. ತೀರ್ಪುಗಾರ ನೊರ್ಬು ಅವರು ಸ್ಪರ್ಧಿಯನ್ನು ಅವಾಚ್ಯವಾಗಿ ನಿಂದಿಸಿ ಗಲಭೆಗೆ ಪ್ರಚೋದನೆ ನೀಡಿದರು ಎಂದು ಬರೆದಿರಿ. ಗ್ರಾಮೀಣ ಪ್ರೇಕ್ಷಕರ ಅಸಂಸ್ಕೃತ ವರ್ತನೆ ಎಂದು ಬರೆದಿರಿ. ತರಬೇತುದಾರರ ಅಣಕದ ಬಗ್ಗೆ ಒಂದು ಸಾಲಿಲ್ಲ. ತಲೆಯಾಡಿಸುವವರು ತಲೆಯಾಡಿಸಿದಷ್ಟೇ ಸಲೀಸಾಗಿ ಕೆಳಗೆ ಸಹಿ ಹಾಕಿದ್ದಾರೆ. ಕೊನೆಗೆ ನನ್ನ ಮಗಳ ಅಂಕ! ಅಪ್ಪ ಕನ್ನಡದಲ್ಲಿ ಕೂಗಿದ್ದಕ್ಕೆ ಐದು, ಸ್ಪರ್ಧಿಯೇ ಕನ್ನಡದಲ್ಲಿ ಕೂಗಿದ್ದಕ್ಕೆ ಇನ್ನೈದು ಕಳೆದಿದ್ದೀರಿ. ಮನುಷ್ಯನ ರಕ್ತ ಮೆತ್ತಿದ ಕಾಗದದ ಮುಂದೆ ಕೂತು ಕಳೆಯುವ ಲೆಕ್ಕ ಮಾಡಲು ಕೈ ಹೇಗೆ ಬಂತು? ಅಪ್ಪ ಒಬ್ಬರನ್ನು ಕೊಲ್ಲುತ್ತಿರುವಾಗ ಮಗಳು ‘ಬ್ಯಾಡ’ ಎನ್ನುವುದನ್ನು ಯಾವ ಉಚ್ಚಾರಣೆಯಲ್ಲಿ ಹೇಳಬೇಕಿತ್ತು?

ನಮ್ಮ ಲಾಯರಿಗೆ ನಿಮ್ಮ ವರದಿ ಕಂಡು ಬಹಳ ಸಂತೋಷ. ಮೇಷ್ಟರು ಮೊದಲು ಬೈದರು ಎಂದು ಸರ್ಕಾರದವರೇ ಬರೆದುಕೊಟ್ಟ ಮೇಲೆ ಜಾಮೀನು ಸಲೀಸು ಎಂದರು. ಆದರೆ ರಮ್ಯ ಅಂದಿನಿಂದ ಒಂದೇ ಮಾತು ಹೇಳುತ್ತಿದ್ದಳು: “ಅವ್ರು ಬೈಲಿಲ್ಲ ಕಣವ್ವ. ನಂದು ಸರಿ ಅಂದ್ರು.” ನನ್ನ ಮಾವ ಕೆಂಪಯ್ಯ ಅವಳನ್ನು ಗದರಿಸಿದರು. ನನಗೂ ಹೇಳಿದರು. “ಸುಮ್ಕಿರವ್ವ. ಆ ವಯ್ಯ ಬೈದ ಅಂತ ಆಫೀಸ್ನೋರೇ ಬರ್ದವ್ರೆ. ನಿನ್ ಗಂಡ ಈಚ್ಗೆ ಬರ್ಬೇಕೋ ಬ್ಯಾಡ್ವೋ?”

ಬರಬೇಕು. ಯಾಕೆ ಬೇಡ? ಆದರೂ ಮಗಳನ್ನು ಕರೆದುಕೊಂಡು ಮೈಸೂರಿನ ಆಸ್ಪತ್ರೆಗೆ ಹೋದೆ. ನೊರ್ಬು ಮೇಷ್ಟರ ಕೆಳಗಿನ ಹಲ್ಲನ್ನೂ ಮೇಲಿನ ಹಲ್ಲನ್ನೂ ಸೇರಿಸಿ ತಂತಿಯಲ್ಲಿ ಬಿಗಿದಿದ್ದರು. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಇವರಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದುಕೊಂಡು ಬರೀ ಕೈಮುಗಿದು ಅತ್ತೆ. ಆ ಮನುಷ್ಯ ಕಚ್ಚಿದ ಹಲ್ಲಿನ ನಡುವಿನಿಂದಲೇ ಮಾತಾಡಿದರು.

“ಅಳ್ಬೇಡಿ ಕಣಮ್ಮ. ಮಗು ಸರಿಯಾಗೇ ಯೋಳ್ತು. ಅದ್ನೇ ಕೂಗ್ತಿದ್ದೆ.”

ನಮ್ಮ ಕನ್ನಡ! ಬೈಲಕುಪ್ಪೆಯಲ್ಲೇ ಹುಟ್ಟಿ, ನಮ್ಮವರ ಜೊತೆಯೇ ಜೋಳದ ಹೊಲದಲ್ಲಿ ಬೆಳೆದವರಂತೆ. ಹಾಗಾದರೆ ಅಂದು ಕನ್ನಡದಲ್ಲೇ ಯಾಕೆ ಹೇಳಲಿಲ್ಲ ಸಾರ್, ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಎಂದೆ.

“ಕನ್ನಡ ಆಡಿದ್ರೆ ಮಗೀಗೆ ಐದು ಮಾರ್ಕು ಓಗ್ತಿತ್ತಲ್ವಾ?”

ಮಾನ್ಯರೇ, ಒಂದು ಅಕ್ಷರವೂ ನೆಟ್ಟಗೆ ಹೊರಬರಲಿಲ್ಲ. ತಂತಿಯ ಸಂದಿಯಲ್ಲಿ ಜೊಲ್ಲಿನ ಜೊತೆ ರಕ್ತವೂ ಬಂತು. ನಿಮ್ಮ ಸ್ಪರ್ಧೆಯಲ್ಲಾದರೆ ಅವರಿಗೆ ಸೊನ್ನೆ. ನನಗೆ ಎಲ್ಲ ಅರ್ಥವಾಯಿತು. ನನ್ನ ಮಗಳ ಐದು ಅಂಕ ಉಳಿಸಲು ಹೋಗಿ ಆ ಮನುಷ್ಯ ದವಡೆ ಕಳೆದುಕೊಂಡಿದ್ದಾರೆ. ಆ ಐದು ಅಂಕವನ್ನು ನೀವು ಕಳೆದಿದ್ದೀರಿ. ಈಗ ಅವರ ಅನ್ನವನ್ನೂ ಕಳೆಯಲು ಹೊರಟಿದ್ದೀರಿ.

ಜೈಲಿಗೆ ಹೋಗಿ ನನ್ನ ಗಂಡನಿಗೆ ಹೇಳಿದೆ. “ಅವ್ರು ನನ್ ಮಗಳ ಪರವಾ?” ಎಂದು ಕೇಳಿದರು. ಹೌದು ಎಂದೆ. ತಮ್ಮ ದವಡೆಗೆ ತಾವೇ ಗುದ್ದಿಕೊಳ್ಳತೊಡಗಿದರು. ಪೊಲೀಸಿನವರು ಬಂದು ಕೈ ಹಿಡಿಯಬೇಕಾಯಿತು. ಆಮೇಲೆ “ಬರ್ದಾಕು ಪೇಪರ್ಗೆ” ಎಂದರು. ಬರೆದಿದ್ದೇನೆ. ಇದು ಅಚ್ಚಾದ ಮೇಲೆ ಜಾಮೀನಿನ ಆಸೆ ಬಿಡಿ ಎಂದು ಲಾಯರು ಕೈ ಚೆಲ್ಲಿದ್ದಾರೆ. ಮಾವ ನನ್ನೊಡನೆ ಮಾತು ಬಿಟ್ಟಿದ್ದಾರೆ.

ನನ್ನ ಗಂಡನನ್ನು ಬಿಡಿಸಿ ಎಂದು ನಾನು ಕೇಳುತ್ತಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಕುಡಿಯಲಿ. ನಿಮ್ಮ ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ನೊರ್ಬು ಮೇಷ್ಟರು ಬೈಯಲಿಲ್ಲ, ಒಂದು ಮಗುವಿನ ಪರವಾಗಿ ನಿಂತರು ಎಂದು ಬರೆಯಿರಿ. ಹೊಡೆದವರು ಚೆಲುವರಾಜು, ಹೊಡೆಸಿದ್ದು ನಮ್ಮ ಸುತ್ತೋಲೆ ಎಂದು ಬರೆದು ಕೆಳಗೆ ನಿಮ್ಮ ಸಹಿ ಹಾಕಿ. ಅದಕ್ಕೂ ಮುಂಚೆ ಆಸ್ಪತ್ರೆಗೆ ಬನ್ನಿ. ಅವರ ಮಂಚದ ಪಕ್ಕ ಕುಳಿತು ಆ ಮಾತನ್ನು ನೀವೇ ಕೇಳಿ. ತಂತಿ ಬಿಗಿದ ಬಾಯಿಯ ಮಾತು ನಿಮಗೆ ತಿಳಿಯದಿದ್ದರೆ ರಮ್ಯ ಅಲ್ಲೇ ಇರುತ್ತಾಳೆ, ಬಿಡಿಸಿ ಹೇಳುತ್ತಾಳೆ. ಅಂದು ಆ ಸಭಾಂಗಣದಲ್ಲಿ ಅವರ ಮಾತು ತಿಳಿದದ್ದೂ ಅವಳೊಬ್ಬಳಿಗೇ.

ಇಂತಿ,
ಮಗಳಿಗೆ ಎರಡೂ ರಕಾರ ಕಲಿಸಿದ, ಹೊಡೆದವರ ಹೆಂಡತಿ
ಜಯಲಕ್ಷ್ಮಮ್ಮ
ಪಿರಿಯಾಪಟ್ಟಣ ತಾಲ್ಲೂಕು