ಅಕ್ಕ ಏಕೆ ಉತ್ತರ ಕೊಡಲಿಲ್ಲವೆಂದರೆ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ಕೇಳಿದ ಪ್ರಶ್ನೆಗೆ ಉತ್ತರ ಕೊಡಲಿಲ್ಲವೆಂಬ ಘೋರ ಅಪರಾಧಕ್ಕಾಗಿ ನೀವು ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆಯನ್ನು ಕಡತಗಳ ಕೋಣೆಗೆ ಎತ್ತಿಹಾಕಿದ್ದೀರಿ. ನಾವೆಲ್ಲ ಅಕ್ಕ ಎಂದು ಕರೆಯುವ ಅವರು ಆ ಗಳಿಗೆಯಲ್ಲಿ ಉಸಿರಾಡುತ್ತಲೂ ಇರಲಿಲ್ಲ ಎಂಬುದು ತಮ್ಮ ಗಮನಕ್ಕೆ ಬಂದಿತ್ತೇ?

ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆಂದು ಎಳ್ಳಿಗಿಂತ ಚಿಕ್ಕ ಅಂಗಾಂಶದ ತುಣುಕನ್ನು ರಾಳದಲ್ಲಿ ಹುದುಗಿಸಿ, ಎರಡು ದಿನ ಓವನ್‌ನಲ್ಲಿ ಗಟ್ಟಿಮಾಡಿ, ವಜ್ರದ ಅಲಗಿನಿಂದ ಕೂದಲೆಳೆಯ ಸಾವಿರದಲ್ಲೊಂದು ಪಾಲು ದಪ್ಪಕ್ಕೆ ಅಕ್ಕ ಸೀಳುತ್ತಾರೆ. ಆ ಪದರಗಳನ್ನು ತಾಮ್ರದ ಪುಟ್ಟ ಜಾಲರಿಯ ಮೇಲೆ ಎತ್ತಿಕೊಂಡು ಕೊನೆಗೆ ಮುಚ್ಚಳವಿರುವ ತಟ್ಟೆಯಲ್ಲಿ ಸೀಸದ ದ್ರಾವಣದ ಹನಿಗೆ ತಾಗಿಸಬೇಕು. ಸೀಸ ಹಿಡಿದರೆ ಮಾತ್ರ ಚಿತ್ರ ಸ್ಪಷ್ಟ. ಆದರೆ ಮನುಷ್ಯರ ಉಸಿರು ಸೋಕಿದರೆ ಸೀಸ ಹರಳುಗಟ್ಟಿ ಪದರದ ತುಂಬ ಕರಿಚುಕ್ಕೆ ಕೂರುತ್ತದೆ. ಅದಕ್ಕೇ ಮುಚ್ಚಳ ತೆಗೆದಾಗಲೆಲ್ಲ ಅಕ್ಕ ಉಸಿರು ಬಿಗಿಹಿಡಿಯುತ್ತಾರೆ. ನಾನು ಸೇರಿದ ದಿನವೇ ಹೇಳಿದ್ದರು: “ಇಲ್ಲಿ ಬಾಯಿಗೂ ಬೀಗ, ಮೂಗಿಗೂ ಬೀಗ. ನಿನ್ನಂಥ ವಟವಟ ಅನ್ನೋಳಿಗೆ ಕಷ್ಟ ಕಣೇ.”

ಅಂದು ಹನಿಯ ಮೇಲಿದ್ದದ್ದು ಬಟ್ಟೆ ಹೊಲಿಯುವ ಒಬ್ಬಾಕೆಯ ಕಿಡ್ನಿಯ ತುಣುಕು. ಅಣ್ಣ ದಾನ ಕೊಟ್ಟ ಆ ಒಂದೇ ಕಿಡ್ನಿಯ ಮೇಲೆ ಆಕೆಯ ಜೀವ ನಿಂತಿದೆ. ಈಗ ಅದೂ ಸೋಲುತ್ತಿದೆ. ಏಕೆಂದು ತಿಳಿಯಲು ವೈದ್ಯರು ನಮ್ಮ ಚಿತ್ರಕ್ಕೆ ಕಾದಿದ್ದಾರೆ, ಮತ್ತೊಮ್ಮೆ ಸೂಜಿ ಚುಚ್ಚಲು ಅವರಿಗೆ ಧೈರ್ಯವಿಲ್ಲ. ನೀವೋ ಐವರು ಅತಿಥಿಗಳೊಂದಿಗೆ ಬಂದು ತಟ್ಟೆಯ ಮೇಲೆ ಬಗ್ಗಿದಿರಿ.

“ಏನಮ್ಮಾ, ಖಾಲಿ ತಟ್ಟೆ ಕಾಯ್ತಾ ಕೂತಿದ್ದೀಯಾ?”

ಅಕ್ಕ ಕೈ ಅಡ್ಡ ಹಿಡಿದರು. “ಕಿವಿ ಕೇಳಲ್ವೇನು?” ಎಂದು ನೀವು ಇನ್ನಷ್ಟು ಬಗ್ಗಿದಿರಿ. ಐವರೂ ನಕ್ಕರು. ಆ ನಗುವೆಲ್ಲ ಪದರದ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೂತಿರುವುದನ್ನು ಆಮೇಲೆ ನಾನು ಮೈಕ್ರೋಸ್ಕೋಪಿನ ಪರದೆಯಲ್ಲಿ ಕಂಡೆ.

ಮರುದಿನದ ನೋಟಿಸಿನಲ್ಲಿ ಎರಡು ಆರೋಪ: ಉದ್ಧಟತನ, ಮತ್ತು ಮಾದರಿ ಕೆಡಿಸಿದ್ದು. ಎರಡನೆಯದನ್ನು ಓದಿ ನಿಮ್ಮ ಪ್ರತಿಭೆಗೆ ತಲೆದೂಗಿದೆ. ಕೆಡಿಸಿದವರೇ ತೀರ್ಪುಗಾರರಾದರೆ ವಿಚಾರಣೆ ಎಷ್ಟು ಬೇಗ ಮುಗಿಯುತ್ತದೆ ನೋಡಿ.

ಆದರೆ ಅಂದು ಪ್ರಯೋಗಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತೆಗೆದವಳು ನಾನು. ನನಗೆ ಮದುವೆಯಾಗಿ ಇಪ್ಪತ್ತಾರು ದಿನ, ನೆಲದ ಮೇಲೆ ಕಾಲೇ ನಿಲ್ಲುತ್ತಿಲ್ಲ, ಲೋಕವೆಲ್ಲ ನನಗೆ ಶುಭ ಕೋರಲೆಂದೇ ಎದ್ದಿದೆ ಎಂಬ ಅಮಲು. ಗಾಜಿನಾಚೆಯಿಂದ ನೀವು “ಏನು ಮದುಮಗಳೇ” ಎಂದು ಕೈಬೀಸಿದಿರಿ. ಉಬ್ಬಿಹೋದೆ. ಅಕ್ಕ ಕಣ್ಣಲ್ಲೇ ಬೇಡವೆಂದದ್ದು ಕಂಡರೂ ಚಿಲಕ ಸರಿಸಿದೆ.

ಅಕ್ಕ ನೋಟಿಸಿಗೆ ಉತ್ತರ ಕೊಟ್ಟ ದಿನ ಸಂಜೆ ನನ್ನ ಗಂಡ ಕೇಳಿದ, “ಬಾಗಿಲು ತೆಗೆದದ್ದು ನೀನು ಅಂತ ಅವರು ಅದರಲ್ಲಿ ಬರೆದ್ರಾ?”

“ಇಲ್ಲ.”

“ಹಾಗಾದ್ರೆ ನೀನೇ ಬರಿ ಮಾರಾಯ್ತಿ. ನನ್ನ ಹತ್ರ ಅತ್ತು ಏನು ಬಂತು?”

ಬರೆಯುತ್ತಿದ್ದೇನೆ. ರಾಳದಲ್ಲಿ ಇನ್ನು ಒಂದೇ ಸಲ ಸೀಳುವಷ್ಟು ತುಣುಕು ಉಳಿದಿದೆ. ನನ್ನ ಕೈ ಅಷ್ಟು ಪಳಗಿಲ್ಲ, ನಿಮ್ಮದಂತೂ ದೂರವೇ ಇರಲಿ. ಸೋಮವಾರದೊಳಗೆ ಅಕ್ಕನನ್ನು ಅವರ ಮೇಜಿಗೆ ಕಳಿಸಿ. ಕಡತಗಳ ಕೋಣೆಗೆ ನನ್ನನ್ನು ಹಾಕಿ. ಅಲ್ಲಿಗೆ ಬಂದು ಏನು ಬೇಕಾದರೂ ಕೇಳಿ, ನೀವೇ ಸಾಕೆನ್ನುವವರೆಗೆ ಉತ್ತರ ಕೊಡುತ್ತೇನೆ. ಸದ್ಯಕ್ಕೆ ನನ್ನಲ್ಲಿ ಉತ್ತರವಿಲ್ಲದಿರುವುದು ಆ ಹೊಲಿಗೆಯಾಕೆಗೆ ಮಾತ್ರ. ದಿನಾ ಬೆಳಗ್ಗೆ ವರದಿ ಕೊಡುವ ಕಿಟಕಿಗೆ ಬಂದು ಕೇಳುತ್ತಾಳೆ: “ನಂದು ಬಂತಾ ತಂಗೀ?”

ಇಂತಿ,
ನಿಮಗೆ ಚಿಲಕ ತೆಗೆದುಕೊಟ್ಟ ಮದುಮಗಳು