ಎದುರು ದಡದ ಹಳದಿ ಗೋಡೆ

ಮಾನ್ಯ ಸೌಂದರ್ಯೀಕರಣ ಅಧಿಕಾರಿಗಳೇ,

ನಮ್ಮ ಮನೆಗೆ ಹಳದಿ ಬಳಿಸಿದವರು ನೀವು. ಈಗ ಆ ಹಳದಿ ಕಣ್ಣು ಕುಕ್ಕುತ್ತದೆ ಎಂದು ನನ್ನ ಬಳಿಗೆ ಜನ ಕಳಿಸುವವರೂ ನೀವೇ. ಹಾಗಾಗಿ ಉತ್ತರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಸರೋವರದ ದಡದ ಆ ಮನೆಯನ್ನು ಕಟ್ಟಿಸಿದ್ದು ನಾನು ಮತ್ತು ನನ್ನ ಅಕ್ಕ. ಅಕ್ಕ ಜೀವನವಿಡೀ ಬಟ್ಟೆಗೆ ಬಣ್ಣ ಹಾಕಿದವಳು. ಗೋಡೆಗೆ ಯಾವ ಬಣ್ಣವೆಂದು ತೀರ್ಮಾನಿಸಲು ಬೇಸಿಗೆ, ಮಳೆ, ಚಳಿ ಎಲ್ಲವನ್ನೂ ಕಾದಳು. ದಡದ ಕಲ್ಲನ್ನು ಒದ್ದೆ ಮಾಡಿ ನೋಡಿದಳು, ಒಣಗಿಸಿ ನೋಡಿದಳು. ಕೊನೆಗೆ ಗೋಡೆಗೆ ಆ ಕಲ್ಲಿನ ಬೂದು, ಕಿಟಕಿಗಳಿಗೆ ಒಣಹುಲ್ಲಿನ ಕಂದು; ಸೂರು ಹಿಂದಿನ ಬೆಟ್ಟದ ಇಳಿಜಾರಿನಷ್ಟೇ ಓರೆ. "ದೋಣೀಲಿ ಹೋಗೋರಿಗೆ ಬೆಟ್ಟ ಕಾಣ್ಬೇಕು ಕಣೇ, ನಮ್ಮನೆ ಅಲ್ಲ" ಎಂದಳು. ಕೆಲಸ ಮುಗಿದ ದಿನ ತಾನೇ ದೋಣಿಯಲ್ಲಿ ಕೂತು ಹುಡುಕಿ, ಗುರುತು ಸಿಗದೆ ಬಿದ್ದು ಬಿದ್ದು ನಕ್ಕಳು.

ಆಮೇಲೆ ನೀವು ಬಂದಿರಿ. "ಏನಮ್ಮಾ ಇದು, ಮನೆ ಇದೆ ಅಂತಾನೇ ಗೊತ್ತಾಗಲ್ವಲ್ಲ! ಟೂರಿಸ್ಟುಗಳು ಏನನ್ನ ಫೋಟೋ ತೆಗೀಬೇಕು?" ಎಂದಿರಿ. "ನೀರನ್ನ, ಸಾರ್" ಎಂದಳು ಅಕ್ಕ. ನೀವು ನಕ್ಕಿರಿ, ಜೊತೆಗಿದ್ದವರೂ ನಗಬೇಕಾಯಿತು. ವಾರದೊಳಗೆ ಆಜ್ಞೆ ಹೊರಟಿತು: ದಡದ ಮನೆಗಳಿಗೆಲ್ಲ ಹೊಳೆಯುವ ಹಳದಿ, ತಪ್ಪಿದರೆ ನಲ್ಲಿ ನೀರು ಕಡಿತ. ಬೆಟ್ಟಕ್ಕೂ ನೀರಿಗೂ ಅಂದ ಸಾಲದೆಂದು ಅದುವರೆಗೆ ಯಾರಿಗಾದರೂ ಹೊಳೆದಿತ್ತೇ? ಬಣ್ಣ ಬಳಿಯುವವರು ಬಂದಾಗ ಅಕ್ಕ ಜಗಲಿಯಲ್ಲಿದ್ದ ತನ್ನ ಕುರ್ಚಿಯನ್ನು ಎತ್ತಿ ಒಳಗಿಟ್ಟಳು. ಇಂದಿಗೂ ಹೊರಗೆ ಕೂತಿಲ್ಲ.

ಅಂದೇ ನಿರ್ಧರಿಸಿದೆ, ನಿಮ್ಮ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಬೇಕೆಂದು. ಎದುರು ದಡದ ನಿಮ್ಮ ಬಂಗಲೆಗೆ ಮುಖ ಮಾಡಿದ ಗೋಡೆಗೆ ಒಂದು ಕೋಟು ಸಾಲದೆಂದು ಮತ್ತೆ ಮತ್ತೆ ಬಳಿಸಿದೆ, ಮೇಲೆ ವಾರ್ನಿಷನ್ನೂ ಹಚ್ಚಿಸಿದೆ. ಸಂಜೆಯ ಬಿಸಿಲು ಅದಕ್ಕೆ ಬಡಿದು ನೆಟ್ಟಗೆ ನಿಮ್ಮ ನಡುಮನೆಗೆ ನುಗ್ಗುತ್ತದಂತೆ. ನಿಮ್ಮ ಶ್ರೀಮತಿಯವರು ಪರದೆ ಎಳೆದುಕೊಂಡೇ ಚಹಾ ಕುಡಿಯುತ್ತಾರಂತೆ. ಸರೋವರ ನೋಡಲೆಂದೇ ಇಡಿಸಿದ ಕಿಟಕಿಯಲ್ಲವೇ ಅದು? ಪಾಪ!

ನಿನ್ನೆ ನಿಮ್ಮ ಡ್ರೈವರ್ ಬಂದು, "ಆ ಒಂದು ಗೋಡೆಗೆ ಬೇರೆ ಬಣ್ಣ ಹಚ್ಕೊಳ್ಳಿ ಅಮ್ಮಾ, ಸಾಹೇಬ್ರು ಕಂಡೂ ಕಾಣದ ಹಾಗೆ ಇರ್ತಾರೆ" ಎಂದ. ಹಚ್ಚುವುದಿಲ್ಲ. ಕಂಡೂ ಕಾಣದ ಹಾಗೆ ಇರುವುದು ನಮ್ಮ ಮನೆಗೆ ಒಪ್ಪುತ್ತಿತ್ತು, ನಿಮಗಲ್ಲ.

ಆಜ್ಞೆಯನ್ನು ದಡದ ಅಷ್ಟೂ ಮನೆಗಳಿಗೆ ಬಹಿರಂಗವಾಗಿ ಹಿಂಪಡೆಯಿರಿ. ಆಮೇಲೆ ನೀವೇ ಬಂದು ಅಕ್ಕನ ಕ್ಷಮೆ ಕೇಳಿ, ಡ್ರೈವರನ್ನು ಕಳಿಸಬೇಡಿ. ಅಲ್ಲಿಯವರೆಗೆ ಪ್ರತಿ ಮಳೆಗಾಲ ಕಳೆದ ಕೂಡಲೇ ಆ ಗೋಡೆಗೆ ಹೊಸ ವಾರ್ನಿಷ್ ಬೀಳುತ್ತದೆ. ನನ್ನ ಆರೋಗ್ಯ ಇನ್ನೂ ಗಟ್ಟಿಯಾಗಿದೆ.

ಇಂತಿ,
ನಿಮ್ಮ ಆಜ್ಞಾಧಾರಕಳು, ನಮ್ಮಿಬ್ಬರ ದುರದೃಷ್ಟಕ್ಕೆ ಎದುರುಮನೆಯವಳು