ನಕ್ಷೆಯೊಳಗಿನ ಬುಗುರಿ ತೋಟ

ಮಾರ್ಚ್ ೧೪, ಗುರುವಾರ

ಪ್ರೀತಿಯ ಬುಗುರಿ,

ಮಂಡಿ ನೋವೊಂದನ್ನು ಬಿಟ್ಟರೆ ಇಲ್ಲಿ ನಾನು ಚೆನ್ನಾಗಿದ್ದೇನೆ. ಅಲ್ಲಿ ನೀನು, ಅಮ್ಮ, ನಮ್ಮ ಹಲ್ಲಿನ ಡಾಕ್ಟರ್ ಭಾವೀ ಅಳಿಯ ಮೂವರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಫೋನಿನಲ್ಲಿ ನೀನು ಎರಡು ಸಲ ಕೇಳಿದಾಗಲೂ "ಬರೀತಿದ್ದೀನಿ, ಬರೀತಿದ್ದೀನಿ" ಅಂತ ಕಾಗೆ ಹಾರಿಸಿದೆ. ಬೈದುಕೋ. ಬೈಸಿಕೊಳ್ಳುವಂಥದ್ದು ಮುಂದೆ ಇನ್ನೂ ಇದೆ, ಸ್ವಲ್ಪ ಉಳಿಸಿಕೊಂಡೇ ಬೈ.

ನೀನು ಬರೆದದ್ದು ನಾಲ್ಕೇ ಸಾಲು. "ಅಪ್ಪ, ಮದುವೆ ನಿಮ್ಮ ಊರಲ್ಲೇ. ಛತ್ರ, ಹೋಟೆಲು ಯಾವುದೂ ಬೇಡ, ನನ್ನ ತೋಟದಲ್ಲಿ. ನೀವೇ ಹೋಗಿ ಜಾಗ ಗೊತ್ತು ಮಾಡಿ. ಆಗಲ್ಲ ಅಂದ್ರೆ ಹೇಳಿಬಿಡಿ, ಅಮ್ಮನ ಊರಲ್ಲೇ ಮಾಡ್ಕೋತೀವಿ."

ನಿನ್ನ ಆರನೇ ಹುಟ್ಟುಹಬ್ಬಕ್ಕೆ ಕಳಿಸಿದ, ನಮ್ಮ ಕಚೇರಿ ಅಚ್ಚು ಹಾಕಿದ ಊರಿನ ನಕ್ಷೆ ನಿನ್ನ ಹತ್ತಿರ ಇನ್ನೂ ಇದೆ ಅಂತ ಆಗಲೇ ಗೊತ್ತಾಗಿದ್ದು. ನದಿ ತಿರುಗುವ ಕಡೆ, ಗೂಡ್ಸ್ ರೈಲಿನ ಹಳಿಗಳ ಪಕ್ಕ, ಕಿರುಬೆರಳ ಉಗುರಿನಷ್ಟು ಹಸಿರು. ಅದರ ಮೇಲೆ ಇರುವೆಯಷ್ಟು ಅಕ್ಷರಗಳಲ್ಲಿ 'ಬುಗುರಿ ತೋಟ'. ಒಂದು ಕಡೆ ನಿಲ್ಲದೆ ಗಿರಗಿರನೆ ಸುತ್ತುತ್ತಿದ್ದ ನಿನಗೆ ನಾನೇ ಇಟ್ಟ ಹೆಸರು. ರಜಕ್ಕೆ ಬಂದಾಗಲೆಲ್ಲ ನೀನು ಅಲ್ಲಿಗೆ ಕರೆದುಕೊಂಡು ಹೋಗಿ ಅಂತ ಪ್ರಾಣ ಹಿಂಡುತ್ತಿದ್ದೆ. ನಾನು ಒಂದು ಸಲ ಬೇಲಿಗೆ ಬಣ್ಣ ಹೊಡೀತಿದ್ದಾರೆ ಅಂದೆ, ಇನ್ನೊಂದು ಸಲ ನೀರು ನಿಂತಿದೆ ಅಂದೆ. ನಿನಗೆ ಒಂಬತ್ತು ತುಂಬಿದ ಮೇಲೆ ನೀನು ರಜಕ್ಕೆ ಬರುವುದೇ ನಿಂತುಹೋಯಿತು.

ಆ ತೋಟ ಇಲ್ಲ, ಮಗಳೇ. ಯಾವತ್ತೂ ಇರಲಿಲ್ಲ.

ನಕ್ಷೆ ಬರೆಯುವ ನಾವು ಪ್ರತಿ ಹಾಳೆಯಲ್ಲೂ ಒಂದು ಸುಳ್ಳು ಜಾಗ ಸೇರಿಸುತ್ತೇವೆ. ಇಲ್ಲದ ಒಂದು ಓಣಿ, ಇಲ್ಲದ ಒಂದು ಕೊಳ. ಯಾರಾದರೂ ನಮ್ಮದನ್ನು ಕದ್ದು ಅಚ್ಚು ಹಾಕಿದರೆ ಆ ಸುಳ್ಳೂ ಜೊತೆಯಲ್ಲೇ ಹೋಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ನೀನೂ ಅಮ್ಮನೂ ಈ ಮನೆ ಬಿಟ್ಟು ಹೋದ ವರ್ಷ ಸುಳ್ಳು ಸೇರಿಸುವ ಸರದಿ ನನ್ನದಾಗಿತ್ತು. ಹಾಳೆಯಲ್ಲಿ ಖಾಲಿ ಕಂಡ ಕಡೆ ನಿನ್ನನ್ನು ಇಟ್ಟೆ.

ಇದನ್ನು ಹೇಳಲು ಮೂರು ವಾರ ಯಾಕೆ ಬೇಕಾಯಿತು ಅಂತ ನೀನು ಕೇಳಬಹುದು. ಹೇಳಿದರೆ ನೀನು ಅಮ್ಮನ ಊರಲ್ಲಿ ಮದುವೆಯಾಗುತ್ತೀಯ, ನಾನು ಮಧ್ಯಾಹ್ನದ ರೈಲಿಗೆ ಬಂದು ಸಂಜೆಯ ರೈಲಿಗೆ ವಾಪಸಾಗುವ ನೆಂಟನಾಗುತ್ತೇನೆ. ಆ ಭಯ. ನಿನ್ನ ಬದುಕಿನಲ್ಲಿ ಇದೊಂದಾದರೂ ನನ್ನ ಕೈಯಿಂದ ಆಗಲಿ ಅನ್ನುವ ಆಸೆ. ಅದಕ್ಕೇ ಆ ತೋಟವನ್ನೇ ಮರೆಸುವಂಥ ಜಾಗ ಹುಡುಕಿಬಿಡೋಣ ಅಂತ ಹೊರಟೆ.

ಮೊದಲು ಇಪ್ಪತ್ನಾಲ್ಕನೇ ಮಹಡಿಯ ತಾರಸಿ. ಅಲ್ಲಿಂದ ನೋಡಿದರೆ ನಾನು ಮೂವತ್ತು ವರ್ಷ ಬರೆದ ಊರು ಕಾಲ ಕೆಳಗೆ ಮಂಜಿನಲ್ಲಿ ತೇಲುತ್ತಿತ್ತು. ಮೋಡವೊಂದು ನಮ್ಮ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಹಾದುಹೋಯಿತು. ಮ್ಯಾನೇಜರ್ ಹೆಂಗಸು "ಎಷ್ಟು ಜನ ಸರ್?" ಅಂತ ಕೇಳಿದರು. "ಹೊಸ ಸೇತುವೆ ನಾವು ಬರೆದದ್ದಕ್ಕಿಂತ ಸ್ವಲ್ಪ ಓರೆ ಇದೆ" ಅಂದೆ. ಆಮೇಲೆ ಅವರು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಆಮೇಲೆ ಸಸ್ಯೋದ್ಯಾನದ ಗಾಜಿನ ಮನೆ. ಒಳಗೆಲ್ಲ ಬೆಚ್ಚನೆಯ ಹಬೆ, ಹಸಿರು ಬೆಳಕು. ನೀರಿನೊಳಗೆ ನಡೆದಾಡಿದ ಹಾಗೆ ಅನಿಸಿತು. ನೀನು ಅಲ್ಲಿ ನಿಂತದ್ದನ್ನು ಕಲ್ಪಿಸಿಕೊಂಡು ಬಹಳ ಹೊತ್ತು ಕೂತುಬಿಟ್ಟೆ. ಮಾಲಿ ಬಂದು ಓಡಬಾರದು, ಮುಟ್ಟಬಾರದು, ಸುತ್ತಬಾರದು ಅಂತ ಪಟ್ಟಿ ಒಪ್ಪಿಸಿದ. ನಿನ್ನನ್ನು ಅವನ ಕೈಗೆ ಒಪ್ಪಿಸಲು ಮನಸ್ಸು ಬರಲಿಲ್ಲ.

ಕೊನೆಗೆ ದೋಣಿ. ಮರದ ಅಟ್ಟ, ಎರಡು ಸಾಲು ದೀಪ, ದಡಗಳು ನಿದ್ದೆಗಣ್ಣಿನಲ್ಲಿ ಹಿಂದೆ ಸರಿಯುತ್ತವೆ. ಇದೇ ಆಯಿತು ಅಂದುಕೊಂಡೆ. ದೋಣಿಯವನು, "ಒಂದೇ ಮಾತು, ಸ್ವಾಮಿ. ಹೊರಟ ಮೇಲೆ ತಡವಾಗಿ ಬಂದೋರು ದಡದಲ್ಲೇ. ಹುಡುಗಿ ಅಪ್ಪ ಆದ್ರೂ ಅಷ್ಟೇ" ಅಂದ. ಅವನು ತಮಾಷೆಗೆ ಹೇಳಿದ್ದು. ನನಗೆ ನಗು ಬರಲಿಲ್ಲ.

ಆಗಲೇ ನದಿಯ ತಿರುವಿನಲ್ಲಿ ಬೆಳ್ಳಗೆ ಏನೋ ಅಲುಗಾಡುವುದು ಕಂಡಿತು. ಸರಿಯಾಗಿ ನಾನು ಹಸಿರು ಬಳಿದ ಜಾಗದಲ್ಲಿ. ಇಪ್ಪತ್ತೊಂದು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ದೋಣಿ ಇಳಿದು, ನಕ್ಷೆ ಬಿಡಿಸಿಕೊಂಡು, ಹಳಿ ದಾಟಿ ನಡೆದೆ.

ಅದೊಂದು ದೊಡ್ಡ ಲಾಂಡ್ರಿಯ ಹಿಂದಿನ ಬಯಲು. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟುಗಳೆಲ್ಲ ಅಲ್ಲಿ ಒಣಗುತ್ತವೆ. ಕಬ್ಬಿಣದ ಕಂಬಗಳ ನಡುವೆ ಹನ್ನೊಂದು ಸಾಲು ಹಗ್ಗ, ಅಷ್ಟೂ ಸಾಲು ಬಿಳುಪು. ನದಿ ಗಾಳಿ ಬಂದರೆ ಬಿಳಿ ಗೋಡೆಗಳ ಕೋಣೆಯೊಂದು ಎದ್ದು ನಿಲ್ಲುತ್ತದೆ, ಗಾಳಿ ತಿರುಗಿದರೆ ಅದು ಕರಗಿ ಆಚೆ ಇನ್ನೊಂದು ಏಳುತ್ತದೆ. ನಡೆಯುತ್ತಾ ಹೋದರೆ ಎಲ್ಲಿದ್ದೇನೆ ಅನ್ನುವುದೇ ಮರೆತುಹೋಗುತ್ತದೆ. ನಕ್ಷೆ ಕೈಯಲ್ಲಿದ್ದೂ ನಾನು ದಾರಿ ತಪ್ಪಿದ್ದು ಜೀವನದಲ್ಲಿ ಅದೇ ಮೊದಲು, ಮತ್ತು ಅದು ಎಷ್ಟು ಹಿತವಾಗಿತ್ತು ಅಂದರೆ ನೀನು ನಂಬಲಾರೆ.

ಒಂದು ಸಾಲಿನ ಹಿಂದಿನಿಂದ ಲಾಂಡ್ರಿಯ ಯಜಮಾನಿ ಬಂದರು. ನನ್ನಷ್ಟೇ ವಯಸ್ಸು, ತೋಳು ಮೇಲಕ್ಕೆ ಮಡಚಿಕೊಂಡು, ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡಿದ್ದರು. ನನ್ನ ಕೈಯಲ್ಲಿದ್ದ ಹಾಳೆ ನೋಡಿ ಕ್ಲಿಪ್ಪು ತೆಗೆದು, "ತೋಟ ಹುಡುಕ್ಕೊಂಡು ಬಂದ್ರಾ?" ಅಂದರು.

"ನಿಮಗೆ ಹೇಗೆ ಗೊತ್ತು?"

"ವರ್ಷಕ್ಕೆ ನಾಲ್ಕೈದು ಜನ ಬರ್ತಾರೆ. ಬುತ್ತಿ ಕಟ್ಕೊಂಡು, ಮಕ್ಕಳನ್ನ ಕರ್ಕೊಂಡು. ಇಲ್ಲ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿ ನಾನೇ ಒಂದು ಬೆಂಚು ಹಾಕ್ಸಿ ಎರಡು ಗಿಡ ನೆಟ್ಟೆ. ಆ ನಕ್ಷೆ ಬರೆದ ಮಹಾನುಭಾವ ಸಿಕ್ಕಿದ್ರೆ ನಾಲ್ಕು ಮಾತು ಆಡಬೇಕು ಅಂತ ಕಾಯ್ತಿದ್ದೀನಿ."

"ಆಡಿ. ನಾನೇ."

ನಾಲ್ಕಲ್ಲ, ನಲವತ್ತು ಆಡಿದರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಬೈದು ಮುಗಿದ ಮೇಲೆ ಟೀ ಕೊಟ್ಟರು. ಟೀ ಕುಡಿಯುತ್ತಾ, ಮಗಳ ಮದುವೆಗೆ ಈ ಬಯಲು ಕೊಡ್ತೀರಾ ಅಂತ ಕೇಳಿಯೇ ಬಿಟ್ಟೆ. ಅವರು ನನ್ನ ತಲೆ ಸರಿಯಿದೆಯಾ ಅನ್ನುವ ಹಾಗೆ ನೋಡಿ, "ಭಾನುವಾರ ನಮಗೆ ರಜ. ಬಟ್ಟೆ ಎಲ್ಲಾ ತೆಗೆಸಿಬಿಡ್ಲಾ?" ಅಂದರು.

"ಬೇಡಮ್ಮ, ಹಾಗೇ ಇರಲಿ."

"ಹಾಗಾದ್ರೆ ನಿಮ್ಮ ನೆಂಟ್ರಿಗೆ ಹೇಳಿ, ಊಟ ಆದ್ಮೇಲೆ ಯಾರೂ ಅದಕ್ಕೆ ಕೈ ಒರೆಸ್ಕೋಬಾರದು."

ಈಗ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಬೆಳಿಗ್ಗೆ ಹತ್ತರ ಬಿಸಿಲು ಬಟ್ಟೆಯೊಳಗಿಂದ ಹಾಲಿನ ಬಣ್ಣಕ್ಕೆ ಬರುತ್ತದೆ. ನೀವಿಬ್ಬರೂ ನಿಂತಿದ್ದೀರಿ, ಗೋಡೆಗಳು ಉಬ್ಬಿ ಇಳಿಯುತ್ತಿವೆ, ಯಾವ ಸಾಲಿನ ಹಿಂದೆ ಯಾರಿದ್ದಾರೆ ಅಂತ ಗೊತ್ತಾಗದೆ ಎಲ್ಲರೂ ಒಬ್ಬರನ್ನೊಬ್ಬರು ಹುಡುಕಿ ನಗುತ್ತಿದ್ದಾರೆ. ನಿನ್ನ ಅಮ್ಮ ಕೂಡ ನಗುತ್ತಿದ್ದಾಳೆ. ಆಸೆಗೇನು, ಪಡಬಹುದಲ್ಲ.

ಇದು ನೀನು ಕೇಳಿದ ತೋಟವಲ್ಲ. ಸುಳ್ಳು ಹೇಳಿದ ಅಪ್ಪನ ಊರು ಬೇಡ ಅನಿಸಿದರೆ ಅದೂ ಸರಿಯೇ. ಅಮ್ಮನ ಊರಿಗೇ ಬರುತ್ತೇನೆ, ಹಿಂದಿನ ದಿನವೇ ಬಂದು ಕುರ್ಚಿ ಜೋಡಿಸುತ್ತೇನೆ. ಎಲ್ಲಿ ಮದುವೆಯಾದರೂ ನೀವಿಬ್ಬರೂ ಒಬ್ಬರನ್ನೊಬ್ಬರು ಕಾಯಿಸದೆ, ಒಬ್ಬರಿಗೊಬ್ಬರು ನೆಪ ಹೇಳದೆ ನೂರು ಕಾಲ ಬಾಳಿ. ಅಮ್ಮನಿಗೆ ನಾನು ಕೇಳಿದೆ ಅಂತ ಹೇಳು.

ನಿನ್ನ
ಅಪ್ಪ

ತಾ.ಕ.: ಶನಿವಾರ. ಮೇಲಿನದನ್ನು ಬರೆದು ಲಕೋಟೆಗೆ ಹಾಕಿಟ್ಟಿದ್ದೆ. ನೀನು ಒಪ್ಪಿದರೆ ಇರಲಿ ಅಂತ, ಇವತ್ತು ಬೆಳಿಗ್ಗೆ ಮದುವೆಯ ದಿನ ಹೇಳಿ ಬರಲು ಲಾಂಡ್ರಿಗೆ ಹೋದೆ. ಗೇಟಿನ ಬೋರ್ಡಿಗೆ ಹಾಕಲು ಹುಡುಗಿಯ ಹೆಸರು ಕೇಳಿದರು. ಮನೆಯಲ್ಲಿ ಬುಗುರಿ ಅಂತ ಕರೀತೀವಿ ಅಂದೆ. ಯಜಮಾನಿ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಹೇಳಿದರು:

"ಹನ್ನೊಂದು ವರ್ಷ ಆಯ್ತು. ಹದಿನಾರರ ಹುಡುಗಿ, ಬೆನ್ನಿಗೆ ಶಾಲೆ ಚೀಲ, ಒಬ್ಬಳೇ ಬಂದಿದ್ಳು. ತೋಟ ಇಲ್ಲಮ್ಮ ಅಂದೆ. ಅಳಲಿಲ್ಲ. ಹೆಸರು ಕೇಳಿದ್ರೆ ನಕ್ಷೆ ಮೇಲೆ ಬೆರಳಿಟ್ಟು ತೋರಿಸಿದ್ಳು. ಅಪ್ಪ ಎಲ್ಲಿ ಅಂದ್ರೆ, ಸೇತುವೆ ಆಚೆ ಆಫೀಸಲ್ಲಿ ಅಂದ್ಳು. ಹೇಳಿ ಕಳಿಸ್ಲಾ ಅಂದೆ. ಬೇಡ ಅಂದ್ಳು. ಸಂಜೆವರೆಗೂ ನಮ್ಮ ಜೊತೆ ಬಟ್ಟೆ ಮಡಚಿ ರೈಲಿಗೆ ಹೋದ್ಳು."

ಅಂದರೆ ನಿನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಕಳಿಸಿದೆ, ನಾನಾಗಿ ಬಾಯಿ ಬಿಡುತ್ತೇನೋ ಇಲ್ಲವೋ ನೋಡೋಣ ಅಂತ. ಹಾಗಿದ್ದ ಮೇಲೆ ಪೂರ್ತಿ ಹೇಳಿಬಿಡುತ್ತೇನೆ. ಸುಳ್ಳು ಜಾಗ ಸೇರಿಸುವಾಗ ಕಚೇರಿಯಲ್ಲಿ ಒಂದು ಫಾರಂ ತುಂಬಬೇಕು. ಜನ ವೃಥಾ ಅಲೆಯಬಾರದು ಅಂತ ಅದರಲ್ಲೊಂದು ಪ್ರಶ್ನೆ ಇರುತ್ತದೆ: 'ಈ ಹೆಸರನ್ನು ಯಾರಾದರೂ ಹುಡುಕಿಕೊಂಡು ಬರುವ ಸಂಭವ ಇದೆಯೇ?' ನೀನು ಹೋಗಿ ಆಗ ನಾಲ್ಕು ತಿಂಗಳಾಗಿತ್ತು. ಒಂದು ದಿನವೂ ನಾನು ರೈಲು ಹತ್ತಿ ನಿನ್ನನ್ನು ನೋಡಲು ಬಂದಿರಲಿಲ್ಲ. ನಾನೇ ಹೋಗದ ಮೇಲೆ ಮಗಳು ಯಾಕೆ ಬರುತ್ತಾಳೆ ಅಂದುಕೊಂಡು, 'ಇಲ್ಲ' ಅಂತ ಬರೆದು ಸಹಿ ಹಾಕಿದೆ.